ಪಾಸ್ ಇದ್ಯಾ ಮಾರಾಯ?

ಇಲ್ಲಿ ಅಮೆರಿಕದಲ್ಲಿ ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮ್ಮವರ ಫೋನುಗಳು ಶುರು. "ಯೊಸೆಮಿಟಿಗೆ ಹೊರಟಿದ್ದೀವಿ, ನಿನ್ನ ಹತ್ರ ನ್ಯಾಷನಲ್ ಪಾರ್ಕ್ ಪಾಸ್ ಇದ್ಯಾ ಮಾರಾಯ? ಸೋಮವಾರ ವಾಪಸ್ ಕೊಡ್ತೀನಿ." ಕೇಳುವವನ ಸಂಬಳ ಎಷ್ಟು ಅಂತ ನಾನು ಕೇಳುವುದಿಲ್ಲ, ಅವನೂ ಹೇಳುವುದಿಲ್ಲ :-)

ಆ ವಾರ್ಷಿಕ ಪಾಸು ಸಹಿ ಹಾಕಿದವರಿಗೆ ಮಾತ್ರ, ಇನ್ನೊಬ್ಬರಿಗೆ ದಾಟಿಸುವ ಹಾಗಿಲ್ಲ. ಇದು ನಮಗೆಲ್ಲ ಗೊತ್ತು. ಗೊತ್ತಿದ್ದೇ ಮಾಡುತ್ತೇವೆ. ಮಾಡಿ, ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತ್ ತಿನ್ನುತ್ತಾ ಜಂಬ ಕೊಚ್ಚಿಕೊಳ್ಳುತ್ತೇವೆ ಬೇರೆ.

ನಾನೇನು ಸಾಚಾ ಅಲ್ಲ. ಕೆಲವು ವರ್ಷಗಳ ಹಿಂದೆ ಗೆಳೆಯನ ಪಾಸು ಹಿಡಿದು ಒಂದು ಪಾರ್ಕಿಗೆ ಹೋಗಿದ್ದೆ. ಗೇಟಿನಲ್ಲಿ ರೇಂಜರ್ ಐಡಿ ಕೇಳಿದ. "ಹೋಟೆಲಲ್ಲಿ ಮರೆತೆ" ಅಂದೆ. ಕಾರು ಓಡಿಸುತ್ತಿದ್ದವನು ನಾನೇ! ಆತ ಒಂದು ಕ್ಷಣ ನನ್ನ ಮುಖ ನೋಡಿ ಒಳಗೆ ಬಿಟ್ಟ. ಹಿಂದಿನ ಸೀಟಿನಿಂದ ಎಂಟು ವರ್ಷದ ಮಗಳು ಕೇಳಿದಳು: "ಅಪ್ಪ, ನಿನ್ನ ಲೈಸೆನ್ಸ್ ಪರ್ಸಲ್ಲೇ ಇದ್ಯಲ್ಲ?"

ಅವತ್ತೇ ಸಂಜೆ ಅವಳು ಜೂನಿಯರ್ ರೇಂಜರ್ ಪುಸ್ತಕ ತುಂಬಿಸಿ, ಬಲಗೈ ಎತ್ತಿ, ಪಾರ್ಕನ್ನು ಕಾಪಾಡುತ್ತೇನೆ ಅಂತ ಪ್ರಮಾಣ ಮಾಡಿ ಬ್ಯಾಡ್ಜ್ ತಗೊಂಡಳು. ನಾನು ಹಿಂದೆ ನಿಂತು ಫೋಟೋ ತೆಗೆದೆ. ಆ ಫೋಟೋ ನೋಡಿದಾಗೆಲ್ಲ ಈಗಲೂ ನಾಚಿಕೆಯಾಗುತ್ತದೆ.

"ಸರ್ಕಾರಕ್ಕೇನು ಮಹಾ ನಷ್ಟ?" ಅನ್ನುವವರಿಗೆ ಒಂದು ಮಾತು. 2004ರ ಕಾನೂನಿನ ಪ್ರಕಾರ ಪಾರ್ಕಿನಲ್ಲಿ ವಸೂಲಾದ ಶುಲ್ಕದಲ್ಲಿ ಸಾಮಾನ್ಯವಾಗಿ ಶೇ. 80ರಷ್ಟು ಅಲ್ಲೇ ಉಳಿಯುತ್ತದೆ. ನಾವು ಗಲೀಜು ಅಂತ ಬೈಯುವ ಟಾಯ್ಲೆಟ್ಟು, ನಡೆಯುವ ಕಾಲುದಾರಿ, ಎಲ್ಲಕ್ಕೂ ಈ ದುಡ್ಡು ಬೇಕು.

2026ರ ಜನವರಿ 1ರಿಂದ ಇಲ್ಲಿನ ನಿವಾಸಿಗಳಿಗೆ ಪಾಸು 80 ಡಾಲರ್, ಹೊರದೇಶದವರಿಗೆ 250. ಊರಿಂದ ಬಂದ ಅಪ್ಪ-ಅಮ್ಮನಿಗೂ ಹೊರದೇಶದವರ ಲೆಕ್ಕವೇ. ಈ ಭೇದ ನನಗೂ ಹಿಡಿಸಿಲ್ಲ. ಹಿಡಿಸದಿದ್ದರೆ ಬರೆಯೋಣ, ಬೈಯೋಣ. ಗೇಟಿನಲ್ಲಿ ಸುಳ್ಳು ಹೇಳುವುದು ಪ್ರತಿಭಟನೆ ಅಲ್ಲ ಸ್ವಾಮಿ.

ಉಳಿಸಲೇಬೇಕೆಂದರೆ ನೆಟ್ಟಗಿನ ದಾರಿಗಳೇ ಬೇಕಾದಷ್ಟಿವೆ. ಯೊಸೆಮಿಟಿ, ಝಯಾನ್, ಗ್ರ್ಯಾಂಡ್ ಕ್ಯಾನ್ಯನ್‌ಗಳಲ್ಲಿ ಒಂದು ಕಾರಿಗೆ 35 ಡಾಲರ್. ವರ್ಷಕ್ಕೆ ಇಂಥ ಮೂರು ಪಾರ್ಕು ನೋಡಿದರೆ 105 ಆಯಿತು, ಸ್ವಂತ ಪಾಸಿನ ದುಡ್ಡು ಹುಟ್ಟಿತು. ಮಗು ನಾಲ್ಕನೇ ಕ್ಲಾಸಿನಲ್ಲಿದ್ದರೆ ಅದರ ಹೆಸರಿನ ಪಾಸು ಪುಕ್ಕಟೆ. ರಾಷ್ಟ್ರೀಯ ಉದ್ಯಾನ ಸೇವೆಯ 430ಕ್ಕೂ ಹೆಚ್ಚು ತಾಣಗಳಲ್ಲಿ ಬಹುಪಾಲು ಕಡೆ ಪ್ರವೇಶ ಶುಲ್ಕವೇ ಇಲ್ಲ. ಗ್ರೇಟ್ ಸ್ಮೋಕಿ ಮೌಂಟನ್ಸ್‌ನಲ್ಲಂತೂ ಗೇಟೇ ಇಲ್ಲ, ಗಾಡಿ ನಿಲ್ಲಿಸಲು ದಿನಕ್ಕೆ 5 ಡಾಲರ್ ಅಷ್ಟೆ.

ಇನ್ನು ನೆನಪಿನ ಕಾಣಿಕೆ. ಪಾಸಿಗೆ ಕೈಚಾಚುವ ನಾವೇ ಗಿಫ್ಟ್ ಶಾಪಿನಲ್ಲಿ ಟೀ ಶರ್ಟು, ಮಗ್ಗು, ಫ್ರಿಜ್ ಮ್ಯಾಗ್ನೆಟ್ಟು ಅಂತ ನೂರು ಡಾಲರ್ ಸುರಿಯುತ್ತೇವೆ. ಅಲ್ಲೇ ಪಕ್ಕದ ಮೇಜಿನ ಮೇಲೆ ಪಾರ್ಕಿನ ಹೆಸರು, ತಾರೀಖು ಇರುವ ರಬ್ಬರ್ ಮೊಹರು ಇರುತ್ತದೆ. 1986ರಲ್ಲಿ ಶುರುವಾದ 'ಪಾಸ್‌ಪೋರ್ಟ್' ಪುಸ್ತಕಕ್ಕೆ ಒತ್ತಿಕೊಳ್ಳುವ ಮೊಹರು. ಒತ್ತಲು ಕಾಸು ಬೇಡ. ನನ್ನ ಮಗಳ ಆ ಪುಸ್ತಕ ನಮ್ಮ ಮನೆಯ ಎಲ್ಲ ಮಗ್ಗುಗಳಿಗಿಂತ ದೊಡ್ಡ ಆಸ್ತಿ.

ಕೆಲವರಿಗೆ ಅದೂ ಸಾಲದು, "ಒಂದೇ ಒಂದು ಕಲ್ಲು" ಜೇಬಿಗಿಳಿಸುತ್ತಾರೆ. ಅರಿಜೋನಾದ ಪೆಟ್ರಿಫೈಡ್ ಫಾರೆಸ್ಟ್‌ನಲ್ಲಿ ಹಾಗೆ ಕದ್ದ ಕಲ್ಲುಮರದ ತುಂಡುಗಳನ್ನು ಜನ ವರ್ಷಗಳ ನಂತರ ತಪ್ಪೊಪ್ಪಿಗೆ ಪತ್ರದ ಜೊತೆ ಅಂಚೆಯಲ್ಲಿ ವಾಪಸ್ ಕಳಿಸುತ್ತಾರೆ. ಆದರೆ ಎಲ್ಲಿಂದ ಎತ್ತಿದ್ದು ಅಂತ ಗೊತ್ತಿಲ್ಲದೆ ಮೊದಲಿನ ಜಾಗದಲ್ಲಿ ಇಡಲು ಬರುವುದಿಲ್ಲ. ಬೇರೆ ಕಡೆ ರಾಶಿ ಹಾಕುತ್ತಾರೆ. ಆ ರಾಶಿಗೆ 'ಆತ್ಮಸಾಕ್ಷಿಯ ಗುಡ್ಡೆ' ಅಂತಲೇ ಹೆಸರು ಬಿದ್ದಿದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ ನಮ್ಮೂರಲ್ಲಿ. ನನ್ನದು 35 ಡಾಲರಿಗೆ ಹೋಗಿತ್ತು. ಈಗ ಯಾರಾದರೂ ಪಾಸ್ ಕೇಳಿದರೆ, "ನಮ್ಮ ಕಾರಲ್ಲೇ ಬಾ, ಚಿತ್ರಾನ್ನ ನೀನು ತಾ" ಅಂತೀನಿ. ಕೆಲವರಿಗೆ ಕೋಪ ಬಂದಿದೆ, ಬರಲಿ.

ನೀವೇನಂತೀರಿ?