ಎರಡು ಮನೆಗಳ ಮಗಳು

“ಕೊಟ್ಟ ಹೆಣ್ಣು ಕುಲಕ್ಕೆ ಹೊರಗು” ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಗಾದೆ. ಧಾರೆಯೆರೆದು ಕೊಟ್ಟ ಮೇಲೆ ಮಗಳು ಗಂಡನ ಮನೆಯವಳಾದಳು, ತೌರುಮನೆಯ ಕಷ್ಟಸುಖಗಳಲ್ಲಿ ಅವಳಿಗೆ ಮಾತಿಲ್ಲ ಎಂಬುದು ಇದರ ಅಭಿಪ್ರಾಯ. ಗಾದೆ ಕಟ್ಟಿದವರು ಲೆಕ್ಕವನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಹೆಣ್ಣಿನ ಎದೆಯಲ್ಲಿ ಅದು ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಎರಡು ಮನೆಗಳೂ ಅನ್ಯೋನ್ಯವಾಗಿರುವ ತನಕ ಈ ಸಂಗತಿ ಯಾರ ಕಣ್ಣಿಗೂ ಬೀಳದು. ಬೀಗರಲ್ಲಿ ಮನಸ್ತಾಪ ಹುಟ್ಟಿದಾಗಲೇ ಅದರ ಭಾರವು ತಿಳಿದುಬರುವುದು. ಈ ತಿಂಗಳು ನಾವು ವಾಚಕರ ಮುಂದಿಡುವ ವೃತ್ತಾಂತವು 2,600 ವರ್ಷಗಳಿಗೂ ಹಿಂದೆ ಚೀನಾದೇಶದಲ್ಲಿ ನಡೆದುದು. ಅಲ್ಲಿ ಬೀಗರಿಬ್ಬರೂ ಅರಸರು; ಮನಸ್ತಾಪವು ಯುದ್ಧವಾಯಿತು.

ಕ್ರಿ. ಪೂ. 770ರಲ್ಲಿ ಚೌ ವಂಶದ ಚಕ್ರವರ್ತಿಗಳು ತಮ್ಮ ರಾಜಧಾನಿಯನ್ನು ಪೂರ್ವಕ್ಕೆ ಸಾಗಿಸಿದ ಬಳಿಕ ಅವರ ಅಧಿಕಾರವು ಹೆಸರಿಗೆ ಮಾತ್ರ ಉಳಿಯಿತು. ಸಾಮಂತರು ಒಬ್ಬರೊಡನೊಬ್ಬರು ಕಾದಾಡತೊಡಗಿದರು. ಆ ಕಾಲದ ಧರ್ಮದಂತೆ ಒಂದೇ ಕುಲದವರಲ್ಲಿ ವಿವಾಹವು ನಿಷಿದ್ಧ. ಆದುದರಿಂದ ಅರಸುಮನೆಗಳಿಗೆ ಸೊಸೆಯರು ಬೇರೆ ಕುಲದಿಂದ, ಬಹುಮಟ್ಟಿಗೆ ಬೇರೆ ಸಂಸ್ಥಾನದಿಂದಲೇ ಬರಬೇಕಾಗಿದ್ದಿತು. ಸಂಧಿಗೆ ಸಾಕ್ಷಿಯಾಗಿ ಬಂದ ಹೆಣ್ಣು ಸಂಧಿ ಮುರಿದಾಗ ಎಲ್ಲಿ ನಿಲ್ಲಬೇಕು? ಈ ಪ್ರಶ್ನೆಯು ಅಲ್ಲಿ ಮತ್ತೆ ಮತ್ತೆ ಎದ್ದಿತು.

ಪಡುವಣದಲ್ಲಿ ಚಿನ್ ಸಂಸ್ಥಾನ. ಹ್ವಾಂಗ್‌ಹೋ ನದಿಯ ಮೂಡಣಕ್ಕೆ ಜಿನ್ ಸಂಸ್ಥಾನ. ಜಿನ್ ಅರಸನ ಮಗಳೊಬ್ಬಳನ್ನು ಚಿನ್ ದೇಶದ ದೊರೆ ಮೂ ಎಂಬವನಿಗೆ ಕೊಟ್ಟಿದ್ದರು. ಚರಿತ್ರೆಯು ಅವಳನ್ನು ‘ಮೂ ಜಿ’ ಎಂದು ಕರೆಯುತ್ತದೆ. ‘ಮೂ’ ಎಂಬುದು ಗಂಡನಿಗೆ ಅವನ ಮರಣಾನಂತರ ಸಂದ ಬಿರುದು. ‘ಜಿ’ ಎಂಬುದು ತಂದೆಯ ಕುಲದ ಹೆಸರು. ಹೀಗೆ ಅವಳ ಹೆಸರಿನಲ್ಲಿಯೇ ಎರಡು ಮನೆಗಳೂ ಸೇರಿಕೊಂಡಿವೆ.

ಅವಳ ತೌರುಮನೆಯು ಸುಖದ ಮನೆಯಾಗಿರಲಿಲ್ಲ. ತಂದೆಯ ಮುದ್ದಿನ ರಾಣಿಯೊಬ್ಬಳು ತನ್ನ ಮಗನಿಗೆ ಪಟ್ಟವಾಗಬೇಕೆಂದು ಹೂಡಿದ ತಂತ್ರಕ್ಕೆ ಸಿಲುಕಿ, ಮೂ ಜಿಯ ಒಡಹುಟ್ಟಿದವನಾದ ಯುವರಾಜನು ಕ್ರಿ. ಪೂ. 656ರಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಬೇರೆ ತಾಯಂದಿರ ಮಕ್ಕಳಾದ ಚುಂಗ್‌ಅರ್, ಯಿವೂ ಎಂಬಿಬ್ಬರು ದೇಶಾಂತರ ಓಡಿಹೋದರು. 651ರಲ್ಲಿ ತಂದೆಯು ಸತ್ತನು. ಯಿವೂ ಐದು ಪಟ್ಟಣಗಳನ್ನು ಕೊಡುವೆನೆಂದು ಮೂ ದೊರೆಗೆ ಮಾತುಕೊಟ್ಟು, ಅವನ ಬಲದಿಂದ ತೌರಿನ ಗದ್ದುಗೆಯನ್ನೇರಿದನು. ಏರಿದ ಮೇಲೆ ಪಟ್ಟಣಗಳನ್ನು ಕೊಡಲಿಲ್ಲ. ಮೂ ಜಿಯು ಅವನನ್ನು ಎರಡೇ ಕಾರ್ಯಗಳಿಗಾಗಿ ಕೇಳಿಕೊಂಡಿದ್ದಳು: ಅರಮನೆಯ ಹೆಣ್ಣುಮಗಳೊಬ್ಬಳನ್ನು ಕಾಪಾಡಬೇಕು, ದೇಶಾಂತರ ಹೋದ ರಾಜಕುಮಾರರನ್ನು ಹಿಂದಕ್ಕೆ ಕರೆಸಬೇಕು. ಕಾಪಾಡಬೇಕಾದವಳ ಮಾನವನ್ನು ಅವನೇ ಕೆಡಿಸಿದನು, ರಾಜಕುಮಾರರನ್ನು ಕರೆಸಲಿಲ್ಲ. ಇದರಿಂದ ಅವಳು ಅವನ ಮೇಲೆ ಮುನಿಸಿಕೊಂಡಿದ್ದಳೆಂದು ‘ಜುವೋ ಜ್ವಾನ್’ ಎಂಬ ಪ್ರಾಚೀನ ಇತಿಹಾಸಗ್ರಂಥವು ಸ್ಪಷ್ಟವಾಗಿ ಹೇಳುತ್ತದೆ. ವಾಚಕರು ಇದನ್ನು ನೆನಪಿನಲ್ಲಿಡಬೇಕು.

647ರಲ್ಲಿ ಜಿನ್ ದೇಶಕ್ಕೆ ಕ್ಷಾಮ ಬಂದಿತು. ತಪ್ಪು ದೊರೆಯದೇ ಹೊರತು ಪ್ರಜೆಗಳದಲ್ಲವೆಂದು ಮೂ ದೊರೆಯು ಧಾನ್ಯವನ್ನು ಕಳುಹಿಸಿದನು. ಒಂದು ರಾಜಧಾನಿಯಿಂದ ಇನ್ನೊಂದರವರೆಗೆ ದೋಣಿಗಳು ಸಾಲುಗಟ್ಟಿ ಹೋದುವಂತೆ. ಮರುವರ್ಷ ಚಿನ್ ದೇಶಕ್ಕೇ ಕ್ಷಾಮ ಬಂದಾಗ ಯಿವೂ ಒಂದು ಕಾಳನ್ನೂ ಕೊಡಲಿಲ್ಲ. ಇನ್ನು ಯುದ್ಧವಾಗದೆ ಇರುವುದುಂಟೆ? 645ರಲ್ಲಿ ಹಾನ್ ಎಂಬಲ್ಲಿ ಸೈನ್ಯಗಳು ಎದುರಾದುವು. ಮಂತ್ರಿಯ ಮಾತನ್ನು ಮೀರಿ ಯಿವೂ ತನ್ನ ರಥಕ್ಕೆ ಪರದೇಶದ ಕುದುರೆಗಳನ್ನು ಕಟ್ಟಿಸಿದ್ದನು. ರಥವು ಕೆಸರಿನಲ್ಲಿ ಹೂತುಹೋಗಿ ಅವನು ಸೆರೆಸಿಕ್ಕಿದನು.

ಸೆರೆಯಾಳಾದ ಸೋದರನನ್ನು ರಾಜಧಾನಿಗೆ ತರುತ್ತಿರುವರೆಂಬ ಸುದ್ದಿ ಅಂತಃಪುರಕ್ಕೆ ಮುಟ್ಟಿತು. ಮೂ ಜಿಯು ಯುವರಾಜನನ್ನೂ ಅವನ ತಮ್ಮನನ್ನೂ ಮಗಳನ್ನೂ ಕರೆದುಕೊಂಡು ಒಂದು ಎತ್ತರದ ಜಗತಿಯನ್ನೇರಿ, ಅಲ್ಲಿ ಒಟ್ಟಿಸಿದ ಸೌದೆಯ ಮೇಲೆ ನಿಂತಳು. ಸೂತಕದ ಉಡುಪನ್ನು ಧರಿಸಿದ ದೂತರನ್ನು ಗಂಡನಿಗೆ ಇದಿರಾಗಿ ಕಳುಹಿಸಿದಳು. ಸೋದರನು ಬೆಳಗ್ಗೆ ಪುರಪ್ರವೇಶ ಮಾಡಿದರೆ ಸಂಜೆಗೆ ತಾನಿಲ್ಲ, ಸಂಜೆ ಮಾಡಿದರೆ ಬೆಳಗಿಗೆ ತಾನಿಲ್ಲ. ಮುಂದಿನದನ್ನು ದೊರೆಯೇ ನಿಶ್ಚಯಿಸಲಿ ಎಂಬುದು ಅವಳ ಸಂದೇಶದ ಸಾರ.

ಇಲ್ಲಿ ನಾವು ಸ್ವಲ್ಪ ನಿಂತು ಆಲೋಚಿಸಬೇಕು. ಅವಳು ಸೋದರನ ನಡತೆಯನ್ನು ಸಮರ್ಥಿಸಲಿಲ್ಲ, ಸಮರ್ಥಿಸುವಂತೆಯೂ ಇರಲಿಲ್ಲ. ಅವನ ದ್ರೋಹವನ್ನು ಗಂಡನಿಗಿಂತ ಮೊದಲು ಉಂಡವಳೇ ಅವಳು. ಗಂಡನು ಅನ್ಯಾಯ ಮಾಡಿದನೆಂದೂ ಹೇಳಲಿಲ್ಲ. ತನ್ನ ತಂದೆಯ ಕುಲದ ದೊರೆಯನ್ನು, ತಾನು ಗೃಹಿಣಿಯಾಗಿರುವ ಪಟ್ಟಣದೊಳಕ್ಕೆ ಕಟ್ಟಿ ತರುವುದನ್ನು ಮಾತ್ರ ಕಣ್ಣಿನಿಂದ ನೋಡಲಾರೆನೆಂದಳು. ಮಕ್ಕಳನ್ನು ಸೌದೆಯ ಮೇಲೆ ನಿಲ್ಲಿಸಿದುದು ನಮಗೆ ಮೆಚ್ಚಾಗದು; ಯಾವ ತಾಯಿಗೂ ಮೆಚ್ಚಾಗದು. ಆದರೂ ಆ ಮಕ್ಕಳ ಮೈಯಲ್ಲಿ ಹರಿಯುತ್ತಿದ್ದುದು ಎರಡು ಮನೆಗಳ ರಕ್ತವೆಂಬುದನ್ನು ದೊರೆಗೆ ತೋರಿಸಲು ಅವಳಿಗೆ ಬೇರೆ ಮಾತು ಉಳಿದಿರಲಿಲ್ಲ.

ಮೂ ದೊರೆಯು ವಿವೇಕಿ. ದೊಡ್ಡ ಗೆಲವಿನೊಡನೆ ಹಿಂದಿರುಗಿ ಸೂತಕದ ಮನೆಯನ್ನು ಹೊಗುವುದರಿಂದ ಬಂದ ಭಾಗ್ಯವೇನೆಂದು ಅವನು ಸೆರೆಯಾಳನ್ನು ಪಟ್ಟಣದ ಹೊರಗಣ ಸೌಧವೊಂದರಲ್ಲಿ ಇರಿಸಿದನು. ಕೊಲ್ಲಬೇಕೆಂದವರ ಮಾತನ್ನು ಬಿಟ್ಟು ಸಂಧಿ ಮಾಡಿಕೊಂಡು, ಅದೇ ವರ್ಷ ಅವನನ್ನು ಕಳುಹಿಸಿಕೊಟ್ಟನು. ಆ ವರ್ಷವೂ ಜಿನ್ ದೇಶದಲ್ಲಿ ಬೆಳೆ ಕೆಟ್ಟಿತು. ಚಿನ್ ದೊರೆಯು ಮತ್ತೆ ಧಾನ್ಯ ಕೊಟ್ಟನು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಯಿವೂವಿನ ಮಗನು ಒತ್ತೆಯಾಳಾಗಿ ಚಿನ್ ದೇಶಕ್ಕೆ ಬಂದನು. ಮೂ ದೊರೆಯು ಹ್ವಾಯ್ ಯಿಂಗ್ ಎಂಬ ತನ್ನ ಮಗಳನ್ನು ಅವನಿಗೆ ಕೊಟ್ಟನು. 638ರಲ್ಲಿ ಅವನು ತಪ್ಪಿಸಿಕೊಂಡು ಹೋಗಲು ನಿಶ್ಚಯಿಸಿ ಅವಳನ್ನೂ ಕರೆದನು. ಗಂಡನು ತನ್ನ ದೇಶಕ್ಕೆ ಹೋಗಬಯಸುವುದು ಸಹಜವೆಂದು ಅವಳು ಒಪ್ಪಿಕೊಂಡಳು. ಆದರೆ ಅವನನ್ನು ಇಲ್ಲಿ ನಿಲ್ಲಿಸಿಕೊಳ್ಳಲೆಂದೇ ತಂದೆಯು ತನ್ನನ್ನು ಕೊಟ್ಟಿರುವುದರಿಂದ ಹಿಂಬಾಲಿಸಲಾರೆ. ಹಾಗೆಂದು ಯಾರಿಗೂ ತಿಳಿಸಲೂ ಲಾರೆ ಎಂದಳು. ಅವನು ಒಬ್ಬನೇ ಹೋದನು; ಅವಳು ಮೌನವಾಗಿ ಉಳಿದಳು. ಮೂ ಜಿಯು ಊರಿಗೆಲ್ಲ ಕಾಣುವಂತೆ ನಿಂತು ಸಾಧಿಸಿದುದನ್ನು ಇವಳು ಬಾಯಿ ಮುಚ್ಚಿಕೊಂಡು ಸಾಧಿಸಲೆತ್ನಿಸಿದಳು: ಎರಡು ಮನೆಗಳಲ್ಲಿ ಯಾವುದಕ್ಕೂ ದ್ರೋಹವಾಗಬಾರದು. ಇವಳಿಗೆ ಫಲ ದೊರೆಯಲಿಲ್ಲ. 636ರಲ್ಲಿ ಚಿನ್ ದೇಶದ ಸೈನ್ಯದ ಬೆಂಬಲದಿಂದ ಚುಂಗ್‌ಅರ್ ಗದ್ದುಗೆಯನ್ನೇರಿದಾಗ ಇವಳನ್ನು ಬಿಟ್ಟುಹೋಗಿದ್ದ ಆ ಗಂಡನು ಹತನಾದನು. ಅದಕ್ಕೆ ಮೊದಲೇ ತಂದೆಯು ಇವಳನ್ನು ಚುಂಗ್‌ಅರ್‌ಗೆ ಕೊಟ್ಟಿದ್ದನು.

ಇಂದಿಗೂ ಚೀನೀಯರು ವಿವಾಹಸಂಬಂಧವನ್ನು ‘ಚಿನ್-ಜಿನ್ ಸ್ನೇಹ’ವೆಂದು ಮಂಗಳಕರವಾಗಿ ಹೇಳುವುದುಂಟು. ಆ ಸ್ನೇಹಕ್ಕಾಗಿ ಬೆಲೆ ತೆತ್ತವರು ಯಾರೆಂಬುದು ಆ ಮಾತಿನಲ್ಲಿ ಕಾಣುವುದಿಲ್ಲ. ನಮ್ಮ ಮನೆಗಳಲ್ಲಿ ಸೈನ್ಯವಿಲ್ಲ, ರಥವಿಲ್ಲ, ಆದರೆ ಬೀಗರ ಜಗಳವುಂಟು, ಸೊಸೆಯನ್ನು ನಡುವೆ ನಿಲ್ಲಿಸಿ, “ನೀನು ಯಾರ ಕಡೆ?” ಎಂದು ಕೇಳುವ ವಾಡಿಕೆಯೂ ಉಂಟು. ಆ ಪ್ರಶ್ನೆಗೆ ಅವಳಲ್ಲಿ ಉತ್ತರವಿಲ್ಲದಿರುವುದು ಅವಳ ದೋಷವಲ್ಲ. ಮೂ ದೊರೆಯು ಆ ಪ್ರಶ್ನೆಯನ್ನು ಹೆಂಡತಿಗೆ ಹಾಕದೆ ಸೆರೆಯಾಳನ್ನು ಊರ ಹೊರಗೆ ಇರಿಸಿದನು. ಅವನ ಇತರ ವಿಜಯಗಳಿಗಿಂತ ಇದೇ ಹಿರಿದೆಂದು ನಾವು ತಿಳಿಯುತ್ತೇವೆ.