ಒಂದು ನಾಣ್ಯದ ಮಧ್ಯಾಹ್ನದೂಟ

ಜಪಾನ್ ಎಂದಾಕ್ಷಣ ನಮಗೆ ನೆನಪಾಗುವುದು ಬುಲೆಟ್ ರೈಲು, ಮುಗಿಲೆತ್ತರದ ಕಟ್ಟಡಗಳು, ಕೈತುಂಬ ಸಂಬಳ. ಆದರೆ ಟೋಕಿಯೋದ ಸಾಮಾನ್ಯ ಗುಮಾಸ್ತ ಮಧ್ಯಾಹ್ನ 12 ಗಂಟೆಗೆ ಕಚೇರಿಯಿಂದ ಹೊರಬಂದಾಗ ಮೊದಲು ತಡವಿ ನೋಡುವುದು ತನ್ನ ಜೇಬನ್ನು. ಅಲ್ಲಿ ಬಹಳಷ್ಟು ಮನೆಗಳಲ್ಲಿ ಸಂಬಳ ಹೆಂಡತಿಯ ಕೈ ಸೇರುತ್ತದೆ. ಬಾಡಿಗೆ, ಮಕ್ಕಳ ಫೀಸು, ಸಾಲದ ಕಂತು ಎಲ್ಲವನ್ನೂ ತೆಗೆದಿಟ್ಟ ಬಳಿಕ ಗಂಡನಿಗೆ ತಿಂಗಳ ಕೈಖರ್ಚನ್ನು ಆಕೆಯೇ ಎಣಿಸಿ ಕೊಡುತ್ತಾಳೆ. ಅದಕ್ಕೆ ‘ಒಕೊಜುಕಾಯ್’ ಎಂದು ಹೆಸರು. ಮಕ್ಕಳಿಗೆ ಕೊಡುವ ಪುಡಿಗಾಸಿಗೂ ಅದೇ ಹೆಸರು! ಮಧ್ಯಾಹ್ನದ ಊಟ ಅದರಲ್ಲೇ ಮುಗಿಯಬೇಕು. (ಇದನ್ನು ಮನೆಯವರಿಗೆ ಓದಿ ಹೇಳುವುದು, ಬಿಡುವುದು ನಿಮಗೆ ಬಿಟ್ಟದ್ದು.)

ಹಾಗಾಗಿ ಅಲ್ಲಿ ‘ವನ್ ಕಾಯಿನ್ ಲಂಚ್’ ಎಂಬ ಮಾತು ಬಳಕೆಗೆ ಬಂತು. 500 ಯೆನ್‌ನ ನಾಣ್ಯ ಚಲಾವಣೆಗೆ ಬಂದದ್ದು 1982ರಲ್ಲಿ. ಆ ಒಂದು ನಾಣ್ಯ ಕೊಟ್ಟು ಹೊಟ್ಟೆ ತುಂಬಿಸಿಕೊಳ್ಳುವ ಊಟವೇ ಇದು. ನಿಂತುಕೊಂಡೇ ಸೊಬಾ ಎಂಬ ಶಾವಿಗೆ ತಿಂದು ಹತ್ತು ನಿಮಿಷದಲ್ಲಿ ಹೊರಡುವ ಅಂಗಡಿಗಳು ರೈಲು ನಿಲ್ದಾಣಗಳಲ್ಲಿವೆ. ಅನ್ನದ ಮೇಲೆ ದನದ ಮಾಂಸ, ಈರುಳ್ಳಿ ಹಾಕಿ ಕೊಡುವ ‘ಗ್ಯೂದೊನ್’ ಇನ್ನೊಂದು. ಇದಕ್ಕೆ ಹೆಸರಾದ ಯೊಶಿನೊಯಾ ಸಂಸ್ಥೆ 1899ರಲ್ಲಿ ನಿಹೊನ್‌ಬಾಶಿಯ ಮೀನು ಮಾರುಕಟ್ಟೆಯಲ್ಲಿ ಆರಂಭವಾಯಿತು. 2001ರಲ್ಲಿ ಅಲ್ಲಿ ಒಂದು ಬಟ್ಟಲಿನ ಬೆಲೆ 280 ಯೆನ್‌ಗೆ ಇಳಿಯಿತು. 2003ರ ಕೊನೆಗೆ ಅಮೆರಿಕದಲ್ಲಿ ದನಗಳ ‘ಹುಚ್ಚು ರೋಗ’ ಪತ್ತೆಯಾಗಿ ಮಾಂಸದ ಆಮದು ನಿಂತಿತು. 2004ರ ಫೆಬ್ರವರಿಯಲ್ಲಿ ಆ ಊಟವೇ ನಿಂತುಹೋಯಿತು. ಕೊನೆಯ ಬಟ್ಟಲು ತಿನ್ನಲು ಜನ ಸಾಲುಗಟ್ಟಿ ನಿಂತಿದ್ದರು. ಅದು ಮರಳಿ ಬಂದದ್ದು 2006ರ ಸೆಪ್ಟೆಂಬರಿನಲ್ಲಿ. ಬಡವನ ತಟ್ಟೆಗೂ ದೂರದೇಶದ ಕೊಟ್ಟಿಗೆಗೂ ಎಂಥ ನಂಟು ನೋಡಿ.

ಇಂದು ಅದೇ ಬಟ್ಟಲು 400 ಯೆನ್ ದಾಟಿದೆ. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಅಕ್ಕಿಯಿಂದ. 2025ರಲ್ಲಿ 5 ಕಿಲೋ ಅಕ್ಕಿಯ ಬೆಲೆ 4000 ಯೆನ್ ಮೀರಿತು, ಹಿಂದಿನ ವರ್ಷದ ಸುಮಾರು ಎರಡು ಪಟ್ಟು. ಸರಕಾರ ತನ್ನ ದಾಸ್ತಾನಿನ ಅಕ್ಕಿಯನ್ನು ಹೊರತೆಗೆಯಬೇಕಾಯಿತು. ಆ ಅಕ್ಕಿ 2000 ಯೆನ್ ಆಸುಪಾಸಿಗೆ ಸಿಗುವ ದಿನ ಅಂಗಡಿಗಳ ಮುಂದೆ ಜನ ಸರದಿ ನಿಂತರು. ಅಕ್ಕಿ ಏರಿದರೆ ಒನಿಗಿರಿ ಎಂಬ ಅನ್ನದ ಉಂಡೆಯಿಂದ ಹಿಡಿದು ಎಲ್ಲವೂ ಏರುತ್ತದೆ. ತೆರಿಗೆಯ ಲೆಕ್ಕವೂ ಇದೆ: 2019ರ ಅಕ್ಟೋಬರಿನಿಂದ ಅಂಗಡಿಯಲ್ಲೇ ಕೂತು ತಿಂದರೆ ಶೇ. 10, ಕಟ್ಟಿಸಿಕೊಂಡು ಹೋದರೆ ಶೇ. 8. ಈ ಎರಡು ಶೇಕಡ ಉಳಿಸಲು ಪಾರ್ಕಿನ ಬೆಂಚಿನಲ್ಲಿ ಕೂತು ಉಣ್ಣುವವರನ್ನು ಜಿಪುಣರೆಂದು ನಗಬೇಡಿ.

ಕೊನೆಗೆ ಅಗ್ಗವಾಗಿ ಉಳಿಯುವುದು ಮನೆಯ ಬುತ್ತಿಯೇ. ಅವರ ಭಾಷೆಯಲ್ಲಿ ‘ಬೆಂತೊ’. ಅದರ ಗುಟ್ಟು ಪದಾರ್ಥದಲ್ಲಿಲ್ಲ, ಅಳತೆಯಲ್ಲಿದೆ. ಡಬ್ಬಿಯನ್ನು ಆರು ಪಾಲು ಮಾಡಿದರೆ ಮೂರು ಪಾಲು ಅನ್ನ, ಎರಡು ಪಾಲು ತರಕಾರಿ, ಒಂದು ಪಾಲು ಮಾತ್ರ ಮೀನು, ಮಾಂಸ ಅಥವಾ ಮೊಟ್ಟೆ. ಮಾಂಸ ಕಡಿಮೆ ಇದ್ದರೂ ಡಬ್ಬಿ ತುಂಬಿ ಕಾಣುತ್ತದೆ. ಭಾನುವಾರ ಎರಡು ಮೂರು ಬಗೆಯ ಪಲ್ಯ ಮಾಡಿ ಫ್ರಿಜ್ಜಿನಲ್ಲಿಡುತ್ತಾರೆ, ರಾತ್ರಿಯ ಸಾರಿನ ಮೀನು ಬೆಳಿಗ್ಗೆ ಡಬ್ಬಿ ಸೇರುತ್ತದೆ. ತೀರಾ ಬಡ ಬುತ್ತಿಯೆಂದರೆ ಬಿಳಿ ಅನ್ನದ ನಡುವೆ ಉಪ್ಪಿನಲ್ಲಿಟ್ಟ ಒಂದು ಕೆಂಪು ಉಮೆಬೊಶಿ ಹಣ್ಣು, ಥೇಟ್ ಅವರ ಧ್ವಜದಂತೆ. ಯುದ್ಧಕಾಲದಲ್ಲಿ, 1939ರ ಸೆಪ್ಟೆಂಬರಿನಿಂದ, ತಿಂಗಳ ಒಂದನೆಯ ತಾರೀಕು ಇದನ್ನೇ ಉಣ್ಣಬೇಕೆಂದು ಪ್ರಚಾರವಾಗಿತ್ತು. ನಮ್ಮ ಗಂಜಿ ಉಪ್ಪಿನಕಾಯಿಯ ಅಣ್ಣನೋ ತಮ್ಮನೋ ಆಗಿರಬೇಕು.

ಆದರೆ ‘ಅಗ್ಗ’ ಎನ್ನುವಾಗ ಒಂದು ಖರ್ಚನ್ನು ಯಾರೂ ಬರೆಯುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಆ ಡಬ್ಬಿ ತುಂಬುವವಳ ನಿದ್ದೆ. ‘ಪ್ರೀತಿಯ ಹೆಂಡತಿಯ ಬುತ್ತಿ’ ಎಂದು ಅದಕ್ಕೊಂದು ಮುದ್ದಾದ ಹೆಸರನ್ನೂ ಇಟ್ಟಿದ್ದಾರೆ. ಆಕೆಯೂ ದುಡಿಯಲು ಹೋಗುವವಳಾದರೆ ಹೆಸರು ಕೇಳಿ ದಣಿವು ಆರುವುದುಂಟೇ? ಆರ್ಥಿಕ ಮುಗ್ಗಟ್ಟಿನ ಹೊತ್ತಿನಲ್ಲಿ, 2009ರ ಸುಮಾರಿಗೆ, ತಮ್ಮ ಬುತ್ತಿಯನ್ನು ತಾವೇ ಕಟ್ಟಿಕೊಳ್ಳುವ ಗಂಡಸರು ಹೆಚ್ಚಿದರು. ‘ಬೆಂತೊ ದಾನ್ಶಿ’ ಅಂದರೆ ಬುತ್ತಿಯ ಗಂಡಸರು ಎಂದು ಪತ್ರಿಕೆಗಳು ಅವರನ್ನು ಕರೆದವು. ಹೆಂಗಸರು ತಲೆಮಾರುಗಳಿಂದ ಮಾಡಿದಾಗ ಯಾವ ಪತ್ರಿಕೆಯೂ ಹೆಸರಿಡಲಿಲ್ಲವಲ್ಲ!

ಮಗನೋ ಅಳಿಯನೋ ಕೆಲಸಕ್ಕೆ ಆ ಕಡೆ ಹೊರಟಿದ್ದರೆ ಇಷ್ಟನ್ನು ತಿಳಿಸಿ. ಹೋಟೆಲಿನ ಮಾಂಸ ಹಲಾಲ್ ಅಲ್ಲ ಎಂಬುದಷ್ಟೇ ಅಲ್ಲ, ಸಾರಿಗೆ ‘ಸಾಕೆ’ ಮತ್ತು ‘ಮಿರಿನ್’ ಬೆರೆಸುವ ರೂಢಿಯಿದೆ. ಮಿರಿನ್ ಸಿಹಿಯಾದರೂ ಅದರಲ್ಲಿ ಸುಮಾರು ಶೇ. 14ರಷ್ಟು ಮದ್ಯಸಾರ ಇರುತ್ತದೆ. ಮೀನು, ತರಕಾರಿಯ ಊಟ ಎಂದು ನಿಶ್ಚಿಂತರಾಗುವಂತಿಲ್ಲ. ಟೋಕಿಯೋದಲ್ಲಿ ಶಿನ್-ಒಕುಬೊದ ಓಣಿಯಲ್ಲಿ ಹಲಾಲ್ ಅಂಗಡಿಗಳಿವೆ. 1938ರಲ್ಲಿ ಕಟ್ಟಿ 2000ದಲ್ಲಿ ಮರುನಿರ್ಮಿಸಿದ ಟೋಕಿಯೋ ಜಾಮಿ ಮಸೀದಿಯಲ್ಲೂ ಹಲಾಲ್ ಸಾಮಾನು ಸಿಗುತ್ತದೆ. ಕೋಳಿ ಅಲ್ಲಿಂದ ತಂದು ತಾನೇ ಅಡುಗೆ ಮಾಡಿಕೊಂಡರೆ ದುಡ್ಡೂ ಉಳಿಯುತ್ತದೆ, ಮನಸ್ಸಿಗೂ ನೆಮ್ಮದಿ.

ನೀವೂ ಮಾಡಿ ನೋಡಬಹುದಾದದ್ದು ‘ಓಯಾಕೊದೊನ್’. ಓಯಾ ಎಂದರೆ ಹೆತ್ತವರು, ಕೊ ಎಂದರೆ ಮಗು: ಕೋಳಿ ಮತ್ತು ಮೊಟ್ಟೆ. ಇಬ್ಬರಿಗೆ 200 ಗ್ರಾಂ ಮೂಳೆಯಿಲ್ಲದ ಕೋಳಿ, ಒಂದು ದೊಡ್ಡ ಈರುಳ್ಳಿ, ಮೂರು ಮೊಟ್ಟೆ ಸಾಕು. ಅರ್ಧ ಲೋಟ ನೀರಿಗೆ ಎರಡು ಚಮಚ ಸೋಯಾ ಸಾಸ್, ಮಿರಿನ್ ಬದಲು ಒಂದು ಚಮಚ ಸಕ್ಕರೆ ಹಾಕಿ ಕುದಿಸಿ. ಸಾಸ್ ಹುದುಗುವಾಗ ತಾನಾಗಿ ಹುಟ್ಟುವ ಅಲ್ಪ ಮದ್ಯಸಾರದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಹಲಾಲ್ ಮುದ್ರೆಯ ಬಾಟಲಿ ತಂದರೆ ಆ ಚಿಂತೆಯಿಲ್ಲ. ಈರುಳ್ಳಿ, ಕೋಳಿ ಬೆಂದ ಮೇಲೆ ಮೊಟ್ಟೆಯನ್ನು ಹಗುರವಾಗಿ ಕದಡಿ ಸುರಿದು ಮುಚ್ಚಿ, ಬಿಸಿ ಅನ್ನದ ಮೇಲೆ ಜಾರಿಸಿ. ಬೇರೆ ಉಪ್ಪು ಬೇಡ. ಬಾಸ್ಮತಿ ಇದಕ್ಕೆ ಹೊಂದದು, ಸೋನಾ ಮಸೂರಿಯನ್ನು ಸ್ವಲ್ಪ ಮೆತ್ತಗೆ ಬೇಯಿಸಿ. ಜಪಾನೀಯರು ಮೊಟ್ಟೆಯನ್ನು ಅರೆಬೆಂದಂತೆ ಉಣ್ಣುತ್ತಾರೆ. ಡಬ್ಬಿಗೆ ತುಂಬುವುದಾದರೆ ಪೂರ್ತಿ ಬೇಯಿಸಿ, ಚೆನ್ನಾಗಿ ಆರಿದ ಮೇಲೆಯೇ ಮುಚ್ಚಳ ಹಾಕಿ. ಇಲ್ಲವಾದರೆ ಆವಿ ನೀರಾಗಿ ಇಳಿದು ಮಧ್ಯಾಹ್ನದೊಳಗೆ ಹಳಸುತ್ತದೆ.