ಒಂದರ ಮುಂದೆ ಐನೂರು ಸೊನ್ನೆ

ಮಳೆ ಬಂದರೂ "ನಾನು ಹೇಳಿರಲಿಲ್ವಾ?", ಬಾರದಿದ್ದರೂ "ನಾನು ಹೇಳಿರಲಿಲ್ವಾ?" ಎನ್ನುವ ಜ್ಯೋತಿಷಿಯ ಹತ್ತಿರ ಹೋಗಿ, ಇವತ್ತು ಕೊಡೆ ತಗೊಂಡು ಹೋಗಲೋ ಬೇಡವೋ ಅಂತ ಯಾರೂ ಕೇಳುವುದಿಲ್ಲ. ಮುಂಬಯಿಯ ಜೂನ್ ತಿಂಗಳಲ್ಲಂತೂ ಕೇಳುವುದೇ ಇಲ್ಲ. ಆದರೆ ಅದೇ ಮಾತನ್ನು ಗಣಿತದ ವೇಷ ಹಾಕಿಸಿ, ಟೀವಿಯಲ್ಲಿ ನಕ್ಷತ್ರಗಳ ಗ್ರಾಫಿಕ್ಸ್ ತಿರುಗಿಸುತ್ತಾ, ಗಂಭೀರ ದನಿಯ ಇಂಗ್ಲಿಷಿನಲ್ಲಿ ಹೇಳಿದರೆ ನಾವು ಬಾಯಿ ಬಿಟ್ಟುಕೊಂಡು ಕೇಳುತ್ತೇವೆ. "ಅಸಂಖ್ಯ ವಿಶ್ವಗಳಿವೆ. ಅವುಗಳಲ್ಲಿ ಎಲ್ಲವೂ ಎಲ್ಲಾದರೂ ಒಂದು ಕಡೆ ನಡೆಯುತ್ತದೆ. ಅದಕ್ಕೇ ನಮ್ಮ ವಿಶ್ವ ಹೀಗಿದೆ." ಆಹಾ! ಈ ಕೊನೆಯ 'ಅದಕ್ಕೇ' ಇದೆಯಲ್ಲ, ನನ್ನ ಜಗಳ ಅದರ ಜೊತೆಗೆ.

ನಾನು ಭೌತವಿಜ್ಞಾನಿ ಅಲ್ಲ. ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತನಾದವನು. ಆದರೆ ಒಂದು ಲೆಕ್ಕ ತಾಳೆಯಾಗದಿದ್ದಾಗ, "ಇನ್ನೊಂದು ಬ್ರಾಂಚಿನಲ್ಲಿ ತಾಳೆಯಾಗಿದೆ ಸಾರ್" ಎನ್ನುವ ಗುಮಾಸ್ತನನ್ನು ಹೇಗೆ ನೋಡಬೇಕು ಎನ್ನುವುದು ನನಗೆ ಗೊತ್ತು.

ಮೊದಲು ಸ್ವಲ್ಪ ಹಿನ್ನೆಲೆ. ವೀಣೆಯ ತಂತಿಯ ಉದಾಹರಣೆ ಕೇಳಿ ಕೇಳಿ ನಿಮಗೂ ಸಾಕಾಗಿರುತ್ತದೆ, ಬೇಗ ಮುಗಿಸುತ್ತೇನೆ. 1968ರಲ್ಲಿ ವೆನೆಜಿಯಾನೊ ಎಂಬ ಇಟಲಿಯ ವಿಜ್ಞಾನಿ, ಪರಮಾಣುವಿನ ನ್ಯೂಕ್ಲಿಯಸ್ಸಿನೊಳಗಿನ ಬಲವನ್ನು ವಿವರಿಸಲಿಕ್ಕೆ ಒಂದು ಸೂತ್ರ ಬರೆದರು. ಆ ಸೂತ್ರದ ಹಿಂದೆ ಇರುವುದು ಬಿಂದುಗಳಲ್ಲ, ಕಂಪಿಸುವ ಎಳೆಗಳು ಅಂತ ಆಮೇಲೆ ಗೊತ್ತಾಯಿತು. ನ್ಯೂಕ್ಲಿಯಸ್ಸಿನ ಕೆಲಸಕ್ಕೆ ಅದು ಒದಗಲಿಲ್ಲ, ಕ್ವಾರ್ಕುಗಳ ಸಿದ್ಧಾಂತ ಗೆದ್ದಿತು. ಆದರೆ 1974ರಲ್ಲಿ ಶೆರ್ಕ್ ಮತ್ತು ಶ್ವಾರ್ಟ್ಸ್, ಇದರಲ್ಲಿ ತೊಂದರೆ ಕೊಡುತ್ತಿರುವ ಆ ಬೇಡದ ಕಣವೇ ಗುರುತ್ವಾಕರ್ಷಣೆಯ ಕಣ ಇರಬಹುದಲ್ಲ ಎಂದರು. 1984ರಲ್ಲಿ ಗ್ರೀನ್ ಮತ್ತು ಶ್ವಾರ್ಟ್ಸ್ ಒಂದು ದೊಡ್ಡ ಗಣಿತದ ತೊಡಕು ಬಿಡಿಸಿದ ಮೇಲೆ ಜಗತ್ತಿನ ಬುದ್ಧಿವಂತ ಹುಡುಗರೆಲ್ಲ ಅತ್ತ ಓಡಿದರು.

ಆಗಿನ ಆಸೆ ಏನಿತ್ತು ಅನ್ನುವುದನ್ನು ಮರೆಯಬಾರದು. ಈ ಎಳೆಗಳಿಗೆ ಕಾಲವೂ ಸೇರಿ ಹತ್ತು ಆಯಾಮ ಬೇಕು. ನಮಗೆ ಕಾಣುವುದು ನಾಲ್ಕು. ಉಳಿದ ಆರು ಕಣ್ಣಿಗೆ ಬೀಳದಷ್ಟು ಸಣ್ಣದಾಗಿ ಸುರುಳಿ ಸುತ್ತಿಕೊಂಡಿವೆ. ಅವು ಹೇಗೆ ಸುತ್ತಿಕೊಂಡಿವೆ ಎನ್ನುವುದರ ಮೇಲೆ ಎಲೆಕ್ಟ್ರಾನಿನ ತೂಕ ಎಷ್ಟು, ಯಾವ ಬಲ ಎಷ್ಟು ಗಟ್ಟಿ ಎಂಬುದೆಲ್ಲ ನಿಂತಿದೆ. ಸುತ್ತಿಕೊಳ್ಳಲು ಒಂದೇ ದಾರಿ ಇದ್ದರೆ? ಜಗತ್ತು ಯಾಕೆ ಹೀಗಿದೆ ಎಂಬ ಪ್ರಶ್ನೆಗೆ, ಬೇರೆ ಥರ ಇರಲು ಸಾಧ್ಯವೇ ಇರಲಿಲ್ಲ ಎಂಬ ಉತ್ತರ ಸಿಕ್ಕಂತೆ. ಎಂಥ ಆಸೆ ಅದು! ಅದಕ್ಕಾಗಿ ಆಯುಷ್ಯ ಸವೆಸಿದವರನ್ನು ನಾನು ಗೇಲಿ ಮಾಡುವುದಿಲ್ಲ.

ಒಂದೇ ದಾರಿ ಸಿಗಲಿಲ್ಲ. ಸಾಮಾನ್ಯವಾಗಿ ಹೇಳುವ ಲೆಕ್ಕ 10ರ ಘಾತ 500. ಅಂದರೆ ಒಂದರ ಮುಂದೆ ಐನೂರು ಸೊನ್ನೆ. ನಮಗೆ ಕಾಣುವ ಇಡೀ ವಿಶ್ವದ ಪರಮಾಣುಗಳನ್ನು ಎಣಿಸಿದರೂ ಎಂಬತ್ತು ಸೊನ್ನೆಯ ಆಸುಪಾಸಿಗೆ ಮುಗಿಯುತ್ತದೆ. ಈ ಕಥೆಯ ಒಂದು ಮುಖ್ಯ ಅಧ್ಯಾಯಕ್ಕೆ ನಮ್ಮ ಮುಂಬಯಿಯ ನಂಟೂ ಇದೆ. ನಮ್ಮ ವಿಶ್ವದಂತೆ ವೇಗವಾಗಿ ಹಿಗ್ಗುವ ವಿಶ್ವವನ್ನು ಈ ಸಿದ್ಧಾಂತದೊಳಗೆ ಹೇಗೆ ಕಟ್ಟಬಹುದೆಂದು ತೋರಿಸಿದ 2003ರ ಪ್ರಸಿದ್ಧ ಪ್ರಬಂಧದ ನಾಲ್ವರಲ್ಲಿ ಒಬ್ಬರು ಕೊಲಾಬಾದ ಟಿಐಎಫ್ಆರ್‌ನ ಸಂದೀಪ್ ತ್ರಿವೇದಿ. ಅದೇ ವರ್ಷ ಸಸ್ಕಿಂಡ್ ಈ ಕೋಟಿ ಕೋಟಿ ಸಾಧ್ಯತೆಗಳಿಗೆ 'ಲ್ಯಾಂಡ್‌ಸ್ಕೇಪ್' ಅಂತ ಚೆಂದದ ಹೆಸರಿಟ್ಟರು. ವಿಶ್ವ ಗುಳ್ಳೆ ಗುಳ್ಳೆಯಾಗಿ ಹುಟ್ಟುತ್ತಲೇ ಇರುತ್ತದೆ ಎಂಬ ಲಿಂಡೆ, ವಿಲೆಂಕಿನ್ ಅವರ ವಿಚಾರವನ್ನು ಇದಕ್ಕೆ ಜೋಡಿಸಿದರೆ ಆಯಿತು: ಪ್ರತಿಯೊಂದು ಸಾಧ್ಯತೆಯೂ ಒಂದೊಂದು ಗುಳ್ಳೆಯಲ್ಲಿ ನಿಜ. ನಾವು ಬದುಕಲು ಅನುಕೂಲವಾದ ಗುಳ್ಳೆಯಲ್ಲಿ ನಾವಿದ್ದೇವೆ, ಅಷ್ಟೇ. (1957ರಲ್ಲಿ ಎವರೆಟ್ ಹೇಳಿದ 'ಅನೇಕ ಜಗತ್ತುಗಳು' ಇದಲ್ಲ. ಅದು ಕ್ವಾಂಟಂ ಅಳತೆಯ ಒಗಟಿಗೆ ಹೇಳಿದ ಬೇರೆಯೇ ಮಾತು. ಟೀವಿಯವರು ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸುತ್ತಾರೆ.)

ಒಂದು ಲೆಕ್ಕಕ್ಕೆ ಒಂದೇ ಉತ್ತರ ತರುತ್ತೇನೆ ಎಂದು ಹೊರಟ ಹುಡುಗ, ಒಂದರ ಮುಂದೆ ಐನೂರು ಸೊನ್ನೆಯಷ್ಟು ಉತ್ತರ ಬರೆದು ತಂದು, "ಎಲ್ಲಾ ಸರಿ ಮೇಷ್ಟ್ರೇ, ಒಂದೊಂದು ಒಂದೊಂದು ಶಾಲೆಯಲ್ಲಿ ಸರಿ" ಎಂದರೆ ಮೇಷ್ಟ್ರು ಏನು ಮಾಡಬೇಕು? ಸೋಲಿಗೆ ಸಮೃದ್ಧಿ ಎಂದು ಹೆಸರು ಬದಲಾಯಿಸಿಕೊಂಡದ್ದನ್ನು ನಾವು ಯಾಕೆ ಒಪ್ಪಬೇಕು?

ಇಲ್ಲಿ ಕೋಲಾರಕ್ಕೆ ಹೋಗಬೇಕು. ಯಾಕೆಂದರೆ ಇಷ್ಟೇ ಚೆಂದದ ಇನ್ನೊಂದು ಸಿದ್ಧಾಂತ ಹೇಗೆ ಮರ್ಯಾದೆಯಿಂದ ಸತ್ತಿತು ಎನ್ನುವುದಕ್ಕೆ ನಮ್ಮ ನೆಲದ ಹೊಟ್ಟೆಯೇ ಸಾಕ್ಷಿ. 1974ರಲ್ಲಿ ಹಾರ್ವರ್ಡಿನ ಜಾರ್ಜಿ ಮತ್ತು ಗ್ಲಾಶೋ, ಗುರುತ್ವ ಬಿಟ್ಟು ಉಳಿದ ಮೂರು ಬಲಗಳೂ ಮೂಲದಲ್ಲಿ ಒಂದೇ ಎನ್ನುವ ಸಿದ್ಧಾಂತ ಮಂಡಿಸಿದರು. ಎಸ್‌ಯು-5 ಅಂತ ಅದರ ಹೆಸರು. ನೋಡಲು ಬಹಳ ಸುಂದರ. ಆದರೆ ಅದಕ್ಕೆ ಒಂದು ಬೆಲೆ ಇತ್ತು: ಪ್ರೋಟಾನ್ ಶಾಶ್ವತವಲ್ಲ, ಅದೂ ಒಂದು ದಿನ ಒಡೆಯಬೇಕು. ಎಷ್ಟು ವರ್ಷಕ್ಕೆ? 10ರ ಘಾತ 31ರ ಒಳಗೆ, ಹೆಚ್ಚು ಕಡಿಮೆ. ವಿಶ್ವದ ವಯಸ್ಸೇ 1380 ಕೋಟಿ ವರ್ಷ, ಅಂದರೆ 10ರ ಘಾತ 10ಕ್ಕಿಂತ ಸ್ವಲ್ಪ ಮೇಲೆ. ಮತ್ತೆ ಕಾಯುವುದು ಹೇಗೆ? ಕಾಯಬೇಕಿಲ್ಲ. ಒಂದು ಪ್ರೋಟಾನಿನ ಮುಂದೆ ಕೂತು ಕಾಯುವ ಬದಲು ಲೆಕ್ಕವಿಲ್ಲದಷ್ಟು ಪ್ರೋಟಾನುಗಳನ್ನು ಗುಡ್ಡೆ ಹಾಕಿಕೊಂಡು ಒಂದೆರಡು ವರ್ಷ ಕಾದರೆ ಸಾಕು. ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ 2.3 ಕಿಲೋಮೀಟರ್ ಕೆಳಗೆ, ಟಿಐಎಫ್ಆರ್ ಮತ್ತು ಜಪಾನಿನ ಒಸಾಕಾದ ವಿಜ್ಞಾನಿಗಳು ಮಾಡಿದ್ದು ಅದನ್ನೇ. 140 ಟನ್ ಕಬ್ಬಿಣದ ಪದರಗಳು, ನಡುವೆ ಕಣಗಳ ಜಾಡು ಹಿಡಿಯುವ ಕೊಳವೆಗಳು. 140 ಟನ್ನಿನಲ್ಲಿ ಪ್ರೋಟಾನ್ ನ್ಯೂಟ್ರಾನ್ ಸೇರಿ 10ರ ಘಾತ 31ರ ಎಂಟು ಪಟ್ಟು ಕಣಗಳಿರುತ್ತವೆ. ಆಯುಷ್ಯ 10ರ ಘಾತ 31 ವರ್ಷವಾದರೆ ವರ್ಷಕ್ಕೆ ಎಂಟು ಒಡೆಯಬೇಕು. ನಮ್ಮ ನಿಮ್ಮಂಥವರಿಗೂ ಬರುವ ಲೆಕ್ಕ. ಅಷ್ಟು ಕೆಳಗೆ ಯಾಕೆ ಅಂದರೆ, ಆಕಾಶದಿಂದ ಸುರಿಯುವ ವಿಶ್ವಕಿರಣಗಳ ಗಲಾಟೆಯನ್ನು ಮೇಲಿನ ಬಂಡೆ ತಡೆಯಲಿ ಅಂತ. 1965ರಲ್ಲಿ ಅದೇ ಗಣಿಯಲ್ಲಿ ವಾತಾವರಣದ ನ್ಯೂಟ್ರಿನೋಗಳ ಸುಳಿವನ್ನೂ ಹಿಡಿದಿದ್ದರು.

1980ರ ಹೊತ್ತಿಗೆ ಪ್ರಯೋಗ ಶುರುವಾಯಿತು. ಆ ತಂಡದಲ್ಲಿ ನಂಜನಗೂಡಿನಿಂದ ಬಂದ ಬಿ.ವಿ. ಶ್ರೀಕಂಠನ್ ಇದ್ದರು. ಆಗ ಅವರು ಟಿಐಎಫ್ಆರ್‌ನ ನಿರ್ದೇಶಕರು ಕೂಡಾ. ಈ ಊರಿನಲ್ಲಿ ಹೋಟೆಲು ಕಟ್ಟಿದ ಕನ್ನಡಿಗರ ಬಗ್ಗೆ ಹೆಮ್ಮೆಯಿಂದ ಮಾತಾಡುವ ನಾವು ಇವರ ಹೆಸರು ಎಷ್ಟು ಸಲ ಎತ್ತಿದ್ದೇವೆ? ಇರಲಿ. ಪ್ರೋಟಾನ್ ಒಡೆದಿರಬಹುದು ಎನ್ನಿಸುವ ಕೆಲವು ಘಟನೆಗಳು ಸಿಕ್ಕಿವೆ ಎಂದು ಕೋಲಾರದ ತಂಡ ಪ್ರಕಟಿಸಿತು. ಆದರೆ ಅಮೆರಿಕದ ಓಹಾಯೊದ ಉಪ್ಪಿನ ಗಣಿಯಲ್ಲಿ, ಜಪಾನಿನ ಕಮಿಯೋಕಾದಲ್ಲಿ ಸಾವಿರಾರು ಟನ್ ನೀರಿಟ್ಟುಕೊಂಡು ಕಾದವರಿಗೆ ಏನೂ ಸಿಗಲಿಲ್ಲ. ಎಸ್‌ಯು-5 ತನ್ನ ಸರಳ ರೂಪದಲ್ಲಿ ಅಲ್ಲಿಗೆ ಮುಗಿಯಿತು. ಇವತ್ತಿಗೆ ಸೂಪರ್ ಕಮಿಯೋಕಾಂಡೆ ಹೇಳುವ ಪ್ರಕಾರ ಆ ಸಿದ್ಧಾಂತ ಹೇಳಿದ ಮುಖ್ಯ ದಾರಿಯಲ್ಲಿ ಪ್ರೋಟಾನಿನ ಆಯುಷ್ಯ 10ರ ಘಾತ 34 ವರ್ಷಕ್ಕಿಂತ ಹೆಚ್ಚು. ಅಷ್ಟು ಸುಂದರವಾದ ಸಿದ್ಧಾಂತ, ನೊಬೆಲ್ ಪಡೆದವರೊಬ್ಬರ ಸಿದ್ಧಾಂತ, ಒಂದು ಅಂಕಿ ತಪ್ಪಿದ್ದಕ್ಕೆ ಹೋಯಿತು! ಸಾಯಬಲ್ಲುದಾಗಿತ್ತು, ಅದಕ್ಕೇ ಅದು ವಿಜ್ಞಾನವಾಗಿತ್ತು. ಬಹುವಿಶ್ವಕ್ಕೆ ಕೋಲಾರ ಯಾವುದು ಅಂತ ನನ್ನ ಪ್ರಶ್ನೆ. ಪಕ್ಕದ ಗುಳ್ಳೆ ನಮ್ಮ ಗುಳ್ಳೆಗೆ ಎಂದೋ ಡಿಕ್ಕಿ ಹೊಡೆದಿದ್ದರೆ ಆದಿಕಾಲದ ಬೆಳಕಿನಲ್ಲಿ ಅದರ ಗುರುತು ಇರಬಹುದೆಂದು ಹುಡುಕಿದರು. ಸಿಗಲಿಲ್ಲ. ಯಾರಾದರೂ ಬಹುವಿಶ್ವ ಕೈಬಿಟ್ಟರಾ? ಸಿಕ್ಕಿದ್ದರೆ ಸಾಕ್ಷಿ, ಸಿಗದಿದ್ದರೆ ನಷ್ಟವಿಲ್ಲ. ಕೊಡೆಯ ಜ್ಯೋತಿಷಿ ನೆನಪಾಗುವುದಿಲ್ಲವೇ?

"ಪರಮಾಣುವನ್ನೂ ಯಾರೂ ಕಂಡಿರಲಿಲ್ಲ, ಮಾಖ್‌ನಂಥ ಪಂಡಿತರೇ ನಂಬಿರಲಿಲ್ಲ" ಅಂತ ಕೆಲವರು ವಾದಿಸುತ್ತಾರೆ. ನಿಜ. ಆದರೆ 1905ರಲ್ಲಿ ಐನ್‌ಸ್ಟೈನ್ ನೀರಿನಲ್ಲಿ ತೇಲುವ ಧೂಳಿನ ಕಣ ಎಷ್ಟು ಹೊತ್ತಿಗೆ ಎಷ್ಟು ದೂರ ಅಲೆದಾಡಬೇಕು ಎಂದು ಅಳೆಯಬಹುದಾದ ಲೆಕ್ಕ ಕೊಟ್ಟರು, ಪೆರಿನ್ ಅಳೆದರು, ತಾಳೆಯಾಯಿತು. ಬೇರೆ ಬೇರೆ ದಾರಿಯಲ್ಲಿ ಹೋದರೂ ಅವೊಗಾಡ್ರೊ ಸಂಖ್ಯೆ ಸುಮಾರು ಒಂದೇ ಬಂತು. ಕಾಣದ್ದನ್ನು ಒಪ್ಪಲು ನನಗೇನೂ ತೊಂದರೆಯಿಲ್ಲ. ಕಾಣದ್ದು ಕಾಣುವುದರ ಮೇಲೆ ಒಂದು ಗೆರೆಯಾದರೂ ಎಳೆಯಬೇಕು.

ಅವರ ಕೈಯಲ್ಲಿರುವ ಒಳ್ಳೆಯ ಎಲೆ ಒಂದೇ. 1987ರಲ್ಲಿ ವೈನ್‌ಬರ್ಗ್, ಖಾಲಿ ಜಾಗದ ಶಕ್ತಿ ಇಷ್ಟಕ್ಕಿಂತ ಹೆಚ್ಚಿದ್ದರೆ ಗೆಲಾಕ್ಸಿಗಳೇ ಹುಟ್ಟುತ್ತಿರಲಿಲ್ಲ, ನಾವೂ ಇರುತ್ತಿರಲಿಲ್ಲ, ಆದ್ದರಿಂದ ಅದು ಸೊನ್ನೆಯಲ್ಲದಿದ್ದರೂ ಈ ಮಿತಿಯೊಳಗಿರಬೇಕು ಎಂದು ಲೆಕ್ಕ ಹಾಕಿದರು. 1998ರಲ್ಲಿ ಸೂಪರ್‌ನೋವಾಗಳನ್ನು ನೋಡಿ ಅಳೆದಾಗ ಸೊನ್ನೆಯಲ್ಲದ ಸಣ್ಣ ಅಂಕಿ, ಆ ಮಿತಿಯೊಳಗೇ ಸಿಕ್ಕಿತು. ದೊಡ್ಡ ಮಾತು, ಒಪ್ಪೋಣ. ಆದರೆ "ನಾವಿರಬೇಕಾದರೆ ಇಷ್ಟಿರಬೇಕು" ಎನ್ನುವ ಮಿತಿ ಒಂದೇ ವಿಶ್ವವಿದ್ದರೂ ನಿಲ್ಲುತ್ತದೆ. ಅದಕ್ಕಿಂತ ಮುಂದೆ ಹೋಗಿ, ಇಂಥ ಅಂಕಿಯೇ ಹೆಚ್ಚು ಸಂಭವ ಎನ್ನಬೇಕಾದರೆ ವಿಶ್ವಗಳನ್ನು ಎಣಿಸಬೇಕು. ಅಲ್ಲಿದೆ ತಮಾಷೆ. ಸಂಖ್ಯೆಗಳಲ್ಲಿ ಸಮಸಂಖ್ಯೆ ಎಷ್ಟು ಪಾಲು? ಅರ್ಧ ಅನ್ನುತ್ತೀರಿ. 1, 3, 2, 5, 7, 4, 9, 11, 6 ಹೀಗೆ ಬರೆಯುತ್ತಾ ಹೋಗಿ. ಯಾವ ಸಂಖ್ಯೆಯೂ ಬಿಟ್ಟುಹೋಗುವುದಿಲ್ಲ, ಆದರೆ ಸಮಸಂಖ್ಯೆ ಮೂರರಲ್ಲಿ ಒಂದು ಪಾಲಾಯಿತು! ಅನಂತವಾದದ್ದರಲ್ಲಿ ಪಾಲು ಎಂಬುದು ನೀವು ಸಾಲು ನಿಲ್ಲಿಸಿದ ಹಾಗೆ. ಗುಳ್ಳೆ ವಿಶ್ವಗಳು ಅನಂತವಾದರೆ ಯಾವ ಥರದ್ದು ಹೆಚ್ಚು, ಯಾವುದು ಅಪರೂಪ ಎಂಬ ಮಾತಿಗೇ ಅರ್ಥ ಉಳಿಯುವುದಿಲ್ಲ. ಈ ಲೆಕ್ಕಕ್ಕೆ ಎಲ್ಲರೂ ಒಪ್ಪುವ ಉತ್ತರ ಇವತ್ತಿಗೂ ಇಲ್ಲ.

ಸ್ಟ್ರಿಂಗ್ ಥಿಯರಿ ಗಣಿತಕ್ಕೆ, ಕಪ್ಪುಕುಳಿಗಳ ತಿಳುವಳಿಕೆಗೆ ಕೊಟ್ಟದ್ದು ಸುಳ್ಳಲ್ಲ. ಅಶೋಕ್ ಸೇನ್‌ರಂಥವರ ಕೆಲಸದ ಮುಂದೆ ನಾನು ತಲೆ ಬಾಗಿಸುತ್ತೇನೆ. ಬೇಸರ ಇರುವುದು, ಪರೀಕ್ಷೆಯ ನಿಯಮವನ್ನೇ ಸಡಿಲ ಮಾಡಿ ಎನ್ನುವವರ ಮೇಲೆ. 2013ರಲ್ಲಿ ದಾವಿದ್ ಎಂಬ ತತ್ತ್ವಜ್ಞಾನಿ, ಪ್ರಯೋಗದ ಸಾಕ್ಷಿ ಇಲ್ಲದೆಯೂ ಸಿದ್ಧಾಂತದ ಮೇಲೆ ಭರವಸೆ ಇಡಲು ಕಾರಣಗಳಿವೆ ಎಂದು ಪುಸ್ತಕವನ್ನೇ ಬರೆದರು. 2014ರ ಕೊನೆಗೆ ಎಲ್ಲಿಸ್ ಮತ್ತು ಸಿಲ್ಕ್ 'ನೇಚರ್' ಪತ್ರಿಕೆಯಲ್ಲಿ ಇದನ್ನು ಕಟುವಾಗಿ ವಿರೋಧಿಸಿದರು. ನನ್ನ ಓಟು ಅವರಿಬ್ಬರಿಗೆ.

ಇನ್ನು ನಮ್ಮವರು. ಈ ಊರಿನಲ್ಲಿ ನಾಲ್ಕು ಕನ್ನಡಿಗರು ಸೇರಿದಲ್ಲಿ ಬಹುವಿಶ್ವದ ಮಾತು ಬಂದರೆ ಸಾಕು, ಯಾರಾದರೊಬ್ಬರು "ಅನಂತಕೋಟಿ ಬ್ರಹ್ಮಾಂಡ ನಾಯಕ ಅಂತ ನಾವು ಎಂದೋ ಹೇಳಿದ್ದೇವೆ" ಎನ್ನುತ್ತಾರೆ. ಚಪ್ಪಾಳೆ! ಅಲ್ಲ ಸ್ವಾಮಿ, ಅವರದ್ದೇ ಇನ್ನೂ ಸಾಬೀತಾಗಿಲ್ಲ, ಅದರ ಬಾಲ ಹಿಡಿದು ನಿಮ್ಮದನ್ನು ಸಾಬೀತು ಮಾಡುತ್ತೀರಾ? ನಾಳೆ ಅವರು ಇಲ್ಲ, ಒಂದೇ ವಿಶ್ವ ಎಂದರೆ ಯೋಗವಾಸಿಷ್ಠವನ್ನು ಅಟ್ಟಕ್ಕೆ ಹಾಕುತ್ತೀರಾ? ಅದರಲ್ಲಿ ಲೀಲೆ ಎಂಬ ರಾಣಿ ಲೋಕದೊಳಗಿನ ಲೋಕಗಳನ್ನು ನೋಡುತ್ತಾಳೆ. ಗಂಡ ಸತ್ತ ದುಃಖದಲ್ಲಿರುವ ಹೆಂಗಸಿಗೆ 'ನನ್ನದು' ಎಂಬುದರ ಹಿಡಿತ ಸಡಿಲವಾಗಲಿ ಅಂತ ಹೇಳಿದ ಕಥೆ ಅದು, ಖಗೋಳದ ಪಾಠವಲ್ಲ. ಋಗ್ವೇದದ ನಾಸದೀಯ ಸೂಕ್ತವಂತೂ, ಈ ಸೃಷ್ಟಿ ಎಲ್ಲಿಂದ ಬಂತೆಂದು ಮೇಲಿರುವವನಿಗಾದರೂ ಗೊತ್ತೋ, ಅವನಿಗೂ ಗೊತ್ತಿಲ್ಲವೋ ಎಂಬ ಅನುಮಾನದಲ್ಲಿ ಮುಗಿಯುತ್ತದೆ. ಅಂಥ ಧೈರ್ಯದ ಅನುಮಾನವನ್ನು ಇಟ್ಟುಕೊಂಡವರು ನಾವು, ಈಗ "ನಮಗೆ ಮೊದಲೇ ಗೊತ್ತಿತ್ತು" ಎಂದು ಎದೆ ತಟ್ಟಿಕೊಳ್ಳುತ್ತಿದ್ದೇವೆ.

ಇದೆಲ್ಲ ಪಂಡಿತರ ಜಗಳ, ನಮಗೇನು ಅಂತೀರಾ? ನಮ್ಮ ಕಟ್ಟಡದಲ್ಲಿ ಒಬ್ಬ ತಾಯಿ ಇದ್ದಾರೆ. ಮಗ ಲೋಕಲ್ ಟ್ರೇನಿನಿಂದ ಬಿದ್ದು ಹೋದ. ಯಾರೋ ಅವರಿಗೆ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ್ದರು: ಇಲ್ಲಿ ಸತ್ತವರು ಇನ್ನೊಂದು ವಿಶ್ವದಲ್ಲಿ ಬದುಕಿರುತ್ತಾರೆ, ಇದು ವಿಜ್ಞಾನ ಒಪ್ಪಿದ ಮಾತು ಅಂತ. ಆಕೆ ನನ್ನ ಹತ್ತಿರ ಬಂದು, "ನಿಜವಾ ಭಾವ, ನೀವು ಓದ್ತೀರಲ್ಲ" ಎಂದು ಕೇಳಿದರು. ಆ ವಿಡಿಯೋ ಹೇಳದೆ ಬಿಟ್ಟದ್ದೇನು ಗೊತ್ತೇ? ಎಲ್ಲವೂ ನಡೆಯುತ್ತದೆ ಎನ್ನುವ ಲೆಕ್ಕದಲ್ಲಿ ಅವನು ಇನ್ನೂ ಅಸಂಖ್ಯ ಕಡೆ, ಇನ್ನೂ ಘೋರವಾಗಿ ಬೀಳುತ್ತಲೇ ಇರುತ್ತಾನೆ. ಮತ್ತು ಎಲ್ಲೋ ಬದುಕಿರುವ ಆ ಹುಡುಗ, ಇದ್ದರೂ, ಇವರ ಕೈತುತ್ತು ತಿಂದು ಬೆಳೆದವನಲ್ಲ. ಅವನಿಗೆ ಅವನದೇ ತಾಯಿ ಇರುತ್ತಾಳೆ. ಇದನ್ನೆಲ್ಲ ನಾನು ಆಕೆಗೆ ಹೇಳಲಿಲ್ಲ. ವಿಜ್ಞಾನ ಹಾಗೇನೂ ಹೇಳಿಲ್ಲಮ್ಮ ಎಂದಷ್ಟೇ ಅಂದೆ. ಸ್ವಲ್ಪ ಹೊತ್ತು ಕೂತಿದ್ದು, ಅವನ ಹತ್ತನೇ ಕ್ಲಾಸಿನ ಗಣಿತದ ಮಾರ್ಕಿನ ಬಗ್ಗೆ ಮಾತಾಡಿ ಎದ್ದು ಹೋದರು. ವಿಡಿಯೋ ಮಾಡಿದವನಿಗೆ ಎಷ್ಟು ಲಕ್ಷ ಜನ ಸಿಕ್ಕಿದರೋ.

ಅಸಲಿಗೆ, ಏನೂ ಇಲ್ಲದಿರುವ ಬದಲು ಏನೋ ಒಂದು ಯಾಕಿದೆ ಎಂಬ ಲೈಬ್ನಿಟ್ಸ್‌ನ ಹಳೆಯ ಪ್ರಶ್ನೆಯನ್ನು ಬಹುವಿಶ್ವ ಮುಟ್ಟುವುದೂ ಇಲ್ಲ. ಗುಳ್ಳೆಗಳನ್ನು ಊದುವ ನಿಯಮ ಎಲ್ಲಿಂದ ಬಂತು? ಆ ನಿಯಮವೇ ಯಾಕೆ? ಒಂದು ಮನೆಯ ಬಾಡಿಗೆ ಕಟ್ಟಲಾಗದವನು ಇಡೀ ಬೀದಿಯನ್ನೇ ಬಾಡಿಗೆಗೆ ಹಿಡಿದ ಹಾಗಾಯಿತು. ಈಗ ಜಪಾನಿನಲ್ಲಿ, ಸೂಪರ್ ಕಮಿಯೋಕಾಂಡೆಗಿಂತ ಎಷ್ಟೋ ಪಟ್ಟು ದೊಡ್ಡದಾದ ಹೈಪರ್ ಕಮಿಯೋಕಾಂಡೆಗಾಗಿ ಬೆಟ್ಟ ಕೊರೆದು ನೀರಿನ ತೊಟ್ಟಿ ಕಟ್ಟುತ್ತಿದ್ದಾರೆ. ಆ ತೊಟ್ಟಿಯ ಕೆಲಸಗಳಲ್ಲಿ ಒಂದು, ಕೋಲಾರದಲ್ಲಿ ಕಾದ ಹಾಗೆಯೇ, ಒಂದು ಪ್ರೋಟಾನ್ ಒಡೆಯುತ್ತದೆಯೋ ಇಲ್ಲವೋ ಎಂದು ಕಾಯುವುದು.